ಶ್ರುತಿ ತಾಯಿ, ಲಯ ತಂದೆ, ಜನರೇಟರ್ ಸೋದರಮಾವ

ಸಾಗರದ ಕಡೆಯ ಗಣಪತಿ ಪೆಂಡಾಲುಗಳಲ್ಲಿ ಇಪ್ಪತ್ತೆರಡು ವರ್ಷ ಗಿಟಾರ್ ನುಡಿಸಿದ್ದೇನೆ. ಆರ್ಕೆಸ್ಟ್ರಾದಲ್ಲಿ ಗಿಟಾರಿನವನೊಬ್ಬ ಇದ್ದಾನೆ ಅಂತ ಜನರಿಗೆ ಗೊತ್ತಾಗುವುದು ಅವನ ತಂತಿ ಕಡಿದಾಗ. ಕಾರ್ಯಕ್ರಮ ಮುಗಿದ ಮೇಲೆ ಯಾರಾದರೂ ಬಂದು "ನಿಮ್ಮದು ಕೇಳಿಸಲೇ ಇಲ್ಲ ಅಣ್ಣಾ" ಅಂದರೆ ಮೊದಮೊದಲು ಬೇಜಾರಾಗುತ್ತಿತ್ತು. "ಕೇಳಿಸಿದ್ರೆ ಬೈತಿದ್ರು, ಸುಮ್ನಿರು ಮಾರಾಯ" ಅನ್ನುವುದು ನಮ್ಮ ತಬಲಾದವನ ಸಮಾಧಾನ.

ಮೊದಲ ಗಿಟಾರ್ ಕೊಂಡದ್ದು ಶಿವಮೊಗ್ಗದಲ್ಲಿ, ಒಂದೂವರೆ ಸಾವಿರಕ್ಕೆ. ಬಸ್ಸಿನ ಟಾಪಿಗೆ ಹಾಕು ಅಂದ ಕಂಡಕ್ಟರ್. ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ನಗದೆ ಅದಕ್ಕೂ ಒಂದು ಅರ್ಧ ಟಿಕೆಟ್ ಹರಿದ. ಮನೆಗೆ ತಂದು ನೋಡಿದರೆ ತಂತಿಗೂ ಕೆಳಗಿನ ಪಟ್ಟಿಗೂ ನಡುವೆ ಪೆನ್ಸಿಲ್ ತೂರುವಷ್ಟು ಜಾಗ. ಎಫ್ ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸುವ ಒಂದು ಹಿಡಿತ, ಹಿಡಿಯಲು ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಬೇಕು. ಆರು ತಿಂಗಳು ಒತ್ತಿದೆ. ಬೆರಳು ಮರಗಟ್ಟಿತು, ಎಫ್ ಬರಲಿಲ್ಲ. ಎಫ್ ಇಲ್ಲದ ಹಾಡು ಹುಡುಕಿಕೊಂಡು ನುಡಿಸುವುದರಲ್ಲಿ ಮಾತ್ರ ಪಳಗಿದೆ.

ಬಿಡುಗಡೆ ಬಂದದ್ದು ವೀಣೆ ನುಡಿಸುವ ನಮ್ಮ ಸೋದರತ್ತೆಯಿಂದ. ಗಿಟಾರನ್ನು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ತಂತಿಯ ಉದ್ದಕ್ಕೂ ನೋಡಿದರು. "ತಪ್ಪು ನಿನ್ನ ಬೆರಳಿಂದಲ್ಲ ತಮಾ, ಕುದುರೆ ಎತ್ತರ ಆಗಿದೆ." ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ವೀಣೆಯವರು ಕುದುರೆ ಅನ್ನುತ್ತಾರೆ. ಗಿಟಾರಿನವರು ಆ ಜಾಗದಲ್ಲಿರುವ ಬಿಳಿ ಪಟ್ಟಿಗೆ ಸ್ಯಾಡಲ್, ಅಂದರೆ ಜೀನು ಅನ್ನುತ್ತಾರೆ. ಕುದುರೆ ನಮ್ಮವರದು, ಜೀನು ಮಾತ್ರ ಅವರದು!

ತಂತಿಗಳನ್ನು ಸಡಿಲಿಸಿ ಆ ಪಟ್ಟಿಯನ್ನು ಕಿತ್ತೆ. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ ಅದರ ಅಡಿಯನ್ನು ಉಜ್ಜಿದೆ. ಮೇಲ್ಭಾಗ ಮುಟ್ಟಬಾರದು, ಅಲ್ಲಿನ ಬಾಗು ಹಾಳಾಗುತ್ತದೆ. ಲೆಕ್ಕವೂ ಒಂದಿದೆ. ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳೇ ಮೆಟ್ಟಿಲು. ಹನ್ನೆರಡನೇ ಮೆಟ್ಟಿಲು ತಂತಿಯ ನಟ್ಟನಡುವೆ ಬರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಜೀನಿನಲ್ಲಿ 2 ಮಿ.ಮೀ. ತೆಗೆಯಬೇಕು. ಆಗ ನನಗೆ ಲೆಕ್ಕ ಎಲ್ಲಿಂದ ಬರಬೇಕು? ಅಂದಾಜಿನಲ್ಲಿ ಉಜ್ಜುತ್ತಾ ಹೋದೆ. ತಂತಿ ಹಾಕಿ ಮೀಟಿದರೆ, ತೀರಾ ಇಳಿದ ತಂತಿ ಮೆಟ್ಟಿಲಿಗೆ ತಾಗಿ ಪ್ರತಿ ಸ್ವರಕ್ಕೂ ಬಾಲದಂತೆ ಒಂದು 'ಜ್ಞ್ಯ್ಞ್ಯ್'. ಅದನ್ನೇ ತಾಲೀಮಿಗೆ ಒಯ್ದೆ. ಕೀಬೋರ್ಡಿನವರು ಎರಡು ನಿಮಿಷ ತಲೆತಗ್ಗಿಸಿ ಕೇಳಿ, "ಚೆನ್ನಾಗಿದೆ. ಸಿತಾರ್ ಯಾವಾಗ ಕೊಂಡೆ?" ಅಂದರು.

ಅವರೇ ಉಪಾಯವನ್ನೂ ಹೇಳಿದರು. ದಪ್ಪನೆಯ ಮದುವೆ ಕರೆಯೋಲೆಯೊಂದರಿಂದ ತೆಳು ಪಟ್ಟಿ ಕತ್ತರಿಸಿ ಜೀನಿನ ಅಡಿಗೆ ಸೇರಿಸಿದೆ. ಜ್ಞ್ಯ್ ನಿಂತಿತು, ಎಫ್ ಬಂತು. ಆ ದಂಪತಿಯ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಕರೆಯೋಲೆ ಇನ್ನೂ ಅಲ್ಲೇ ಇದೆ.

ನಮ್ಮ ತಂಡದಲ್ಲಿ ಯಾರೂ ಯಾರಿಗೂ "ನೀನು ತಪ್ಪು ನುಡಿಸಿದೆ" ಅಂದದ್ದು ನನಗೆ ನೆನಪಿಲ್ಲ. ಬರೀ ಇಂಥ ಮಾತು. ಸ್ವರದ ಜಾಗಕ್ಕೆ ನಾವು ಮನೆ ಅನ್ನುತ್ತೇವೆ. ಹಾಡುವವರು ಚರಣಕ್ಕೆ ಬರುವಷ್ಟರಲ್ಲಿ ಶ್ರುತಿ ಬಿಟ್ಟು ಅರ್ಧ ಮನೆ ಮೇಲೆ ಹೋಗಿದ್ದರೆ ರಿದಂ ಪ್ಯಾಡಿನವನು ನನ್ನ ಕಿವಿಯಲ್ಲಿ, "ಮನೆ ಖಾಲಿ ಮಾಡಿದ್ರು, ಬಾಡಿಗೆ ಬಾಕಿ ಇತ್ತು ಅಂತ ಕಾಣ್ತದೆ." ಶ್ರುತಿ ತಾಯಿ, ಲಯ ತಂದೆ ಎಂಬ ಹಳೆಯ ಮಾತಿಗೆ "ನಮ್ಮ ಗಾಯಕರು ತಬ್ಬಲಿ" ಅಂತ ಸೇರಿಸುವುದು ಎಲ್ಲ ಊರಿನ ವಾದ್ಯದವರಿಗೂ ಗೊತ್ತಿರುವ ತಮಾಷೆ. ನಮ್ಮಲ್ಲಿ ಅದಕ್ಕೊಬ್ಬ ಸೋದರಮಾವನೂ ಇದ್ದಾನೆ. ಅವನೇ ಜನರೇಟರ್.

ಹಳ್ಳಿಯ ಪೆಂಡಾಲಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದವರಿಗೆ ಈ ಮಾವನ ಪರಿಚಯ ಇದ್ದೇ ಇರುತ್ತದೆ. ತಂತಿಯ ಅಡಿಯ ಅಯಸ್ಕಾಂತ ಮತ್ತು ಕಾಯಿಲ್ ತಂತಿಯ ಅಲುಗಾಟವನ್ನಷ್ಟೇ ಹಿಡಿಯುವುದಿಲ್ಲ, ಸುತ್ತಲಿನ ಕರೆಂಟಿನ ಗುಂಯ್‌ಗಾನವನ್ನೂ ಹಿಡಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಸ್ಪೀಕರಿನಲ್ಲಿ ಜೋರಾಗಿ ಕೇಳುವುದು ಸಾಮಾನ್ಯವಾಗಿ ಅದರ ಇಮ್ಮಡಿ, 100. ಗಿಟಾರಿನ ಆರನೇ ತಂತಿಯ ಮೂರನೇ ಮೆಟ್ಟಿಲಿನ ಜಿ ಸ್ವರ 98. ಹಾಗಾಗಿ ಜಿ ಸ್ಕೇಲಿನ ಹಾಡು ಹಿಡಿದರೆ ಮಾವ ಕೂದಲೆಳೆಯಷ್ಟು ಮೇಲೆ ಗುನುಗುತ್ತಿರುತ್ತಾನೆ. ಒಂದು ರಾತ್ರಿ ಹಾಡಿನ ನಡುವೆ ಯಾರೋ ಪೆಂಡಾಲಿನ ಸೀರಿಯಲ್ ಲೈಟೆಲ್ಲ ಹಾಕಿದರು. ಭಾರ ಬಿದ್ದು ಜನರೇಟರಿನ ವೇಗ ತುಸು ಕುಗ್ಗಿತು, ಗುಂಯ್ ಜಾರಿ ಬಂದು ಜಿ ಮೇಲೆ ಕೂತಿತು. ಇಡೀ ತಂಡ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ನಮ್ಮಲ್ಲಿ ಶ್ರುತಿಗೆ ಸೇರಿದ್ದು ಅದೊಂದೇ" ಅಂದ ತಬಲಾದವನು, ಮೈಕ್ ಆನ್ ಇದೆ ಅನ್ನುವುದು ಮರೆತು.

ಇದಕ್ಕೆ ಮದ್ದು 1955ರಲ್ಲೇ ಸಿಕ್ಕಿದೆ. ಅಮೆರಿಕದ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರು. ಒಂದರ ಗುಂಯ್ ಇನ್ನೊಂದನ್ನು ಅಳಿಸುತ್ತದೆ, ತಂತಿಯ ದನಿ ಉಳಿಯುತ್ತದೆ. ನನ್ನದು ಒಂಟಿ ಕಾಯಿಲಿನದು. ಗಿಟಾರ್ ಹಿಡಿದು ನಿಧಾನಕ್ಕೆ ತಿರುಗುತ್ತಾ ಹೋದರೆ ಒಂದು ದಿಕ್ಕಿನಲ್ಲಿ ಗುಂಯ್ ಕಮ್ಮಿಯಾಗುತ್ತದೆ, ಅಲ್ಲೇ ನಿಂತುಬಿಡುವುದು. ಎಷ್ಟೋ ಊರಿನಲ್ಲಿ ಜನರಿಗೆ ಅಡ್ಡ ತಿರುಗಿಕೊಂಡೇ ನುಡಿಸಿದ್ದೇನೆ. ಗಿಟಾರಿನವರಿಗೆ ಜಂಬ ಅಂತ ಹೆಸರು ಬಂದದ್ದೂ ಹೀಗೆಯೇ.

ಮಲೆನಾಡಿನ ಮಳೆಗಾಲದ ಕಥೆ ಬೇರೆ. ಜೂನ್ ಕಳೆಯುವಷ್ಟರಲ್ಲಿ ಮರ ನೀರು ಕುಡಿದು ಮುಂದಿನ ಹಲಗೆ ಉಬ್ಬುತ್ತದೆ, ಇಳಿಸಿದ ತಂತಿ ಮತ್ತೆ ಮೇಲೇರುತ್ತದೆ. ಒಂದು ವರ್ಷ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಬೆಚ್ಚಗಿರುವುದಾದರೆ ಗಿಟಾರಿಗೇನು ತೊಂದರೆ? ತಂತಿ ಸಡಿಲಿಸದೆ ಇಟ್ಟೆ. ಆರೂ ತಂತಿಗಳ ಎಳೆತ ಸೇರಿದರೆ ಸುಮಾರು 70 ಕೆ.ಜಿ., ಬೆಳೆದ ಗಂಡಸೊಬ್ಬ ಜೋತುಬಿದ್ದಂತೆ. ನಾಲ್ಕನೇ ದಿನ ಬೆಳಗ್ಗೆ 'ಠಣ್' ಅಂತ ಸದ್ದು. ಶಾಖಕ್ಕೆ ಅಂಟು ಮೆತ್ತಗಾಗಿ ಕುದುರೆ ಬುಡಸಮೇತ ಕಿತ್ತು ಬಂದಿತ್ತು. ಸ್ನಾನಕ್ಕೆ ಕೂತಿದ್ದ ಅಪ್ಪ ಟವೆಲ್ಲಿನಲ್ಲೇ ಅಂಗಳಕ್ಕೆ ಓಡಿದ್ದರು. ಈಗ ಗಿಟಾರ್ ಪೆಟ್ಟಿಗೆಯಲ್ಲಿ, ಔಷಧಿ ಡಬ್ಬಿಯ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ. ನುಡಿಸಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ತಂತಿ ಒರೆಸುತ್ತೇನೆ. ಅಷ್ಟು ಸಾಕು.

ಎಲ್ಲಕ್ಕಿಂತ ಇಷ್ಟದ ವಾದ್ಯ ಯಾವುದು ಅಂದರೆ ನನ್ನದಲ್ಲದ್ದನ್ನು ಹೇಳಬೇಕು. ಅಮೆರಿಕದಲ್ಲಿರುವ ಭಾವನ ಮಗ ರಜೆಗೆ ಬಂದಾಗ ತರುವ ಗಿಟಾರ್ ಅದು. ಬೆನ್ನು, ಪಕ್ಕ ಎಲ್ಲ ನಮ್ಮ ಬೀಟೆ ಮರದ್ದು. ಗಿಟಾರಿಗೆ ಬಳಸುತ್ತಿದ್ದ ಬ್ರೆಜಿಲಿನ ರೋಸ್‌ವುಡ್ ಮರ ದುರ್ಲಭವಾದಾಗ, 1969ರ ಹೊತ್ತಿಗೆ, ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯವರು ಬೀಟೆಗೆ ತಿರುಗಿದರು. ಈ ಜಾತಿಯ ಮರಕ್ಕೆ 2017ರಲ್ಲಿ, ದೇಶದ ಗಡಿ ದಾಟಿಸಲು ಕಾಗದಪತ್ರ ಬೇಕೆಂಬ ಅಂತಾರಾಷ್ಟ್ರೀಯ ಕಟ್ಟಳೆ ಬಂತು, 2019ರಲ್ಲಿ ತಯಾರಾದ ವಾದ್ಯಗಳಿಗೆ ಅದನ್ನು ಸಡಿಲಿಸಿದರು. ನಮ್ಮ ಅಜ್ಜಿಮನೆಯ ಬಾಗಿಲು, ಮಂಚ ಎರಡೂ ಬೀಟೆಯವೇ. ಆ ಗಿಟಾರಿನ ಕೆಳತಂತಿ ಮೀಟಿದರೆ ದನಿ ಬೆನ್ನಿನಿಂದ ನನ್ನ ಹೊಟ್ಟೆಗೆ ಇಳಿದು ಅಲ್ಲೇ ಸ್ವಲ್ಪ ಹೊತ್ತು ಕೂತಿರುತ್ತದೆ.

ಕಳೆದ ಸಲ ಅದನ್ನು ತಾಲೀಮಿಗೆ ಒಯ್ದು ಇಷ್ಟೆಲ್ಲ ವಿವರಿಸಿದೆ. ತಬಲಾದವನು ಗಿಟಾರನ್ನು ತಿರುಗಿಸಿ, ಬೆನ್ನಿನ ಮೇಲೆ ಬೆರಳಗೆಣ್ಣಿನಿಂದ ಮೂರು ಸಲ ತಟ್ಟಿ, ಕಿವಿಗೊಟ್ಟು ಕಾದ.

"ಅಜ್ಜಿಮನೆ ಬಾಗಿಲೇ ಹೌದು ಮಾರಾಯ. ಒಳಗೆ ಯಾರೂ ಇದ್ದಂಗಿಲ್ಲ."