ಚೈಲ್ಡ್‌ಕೇರ್ ವೃತ್ತಿಗೆ ಬರಲಿರುವ ಪೋಷಕರಿಗೆ: ಮೆಲ್ಬರ್ನ್‌ನ ಹೊಸಬರಿಗೊಂದು ಮಾರ್ಗದರ್ಶಿ

ಊರಿನಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿದು, ಮೆಲ್ಬರ್ನ್‌ಗೆ ಬಂದ ಮೇಲೆ ಗೋದಾಮಿನಲ್ಲೋ ಸೂಪರ್‌ಮಾರ್ಕೆಟ್ಟಿನಲ್ಲೋ ಕೆಲಸ ಹಿಡಿದಿರುವ ಪೋಷಕರಲ್ಲಿ ಅನೇಕರು ಚೈಲ್ಡ್‌ಕೇರ್ ವೃತ್ತಿಯತ್ತ ನೋಡುತ್ತಾರೆ. ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಓದಿನ ಅವಧಿ ದೀರ್ಘವಲ್ಲ, ಮನೆಯ ಹತ್ತಿರವೇ ಸೆಂಟರುಗಳಿವೆ. ಈ ಮೂರೂ ನಿಜ. ಆದರೆ ಹೀಗೆ ಯೋಚಿಸುವವರು ಮೊದಲು ವಿಚಾರಿಸುವುದು ಯಾವ ಕಾಲೇಜಿನಲ್ಲಿ ಶುಲ್ಕ ಕಡಿಮೆ ಎಂಬುದನ್ನು. ಕೆಲವು ವರ್ಷಗಳಿಂದ ಇದೇ ಕ್ಷೇತ್ರದಲ್ಲಿದ್ದು, ನಮ್ಮವರು ಹಲವರು ಓದು ಆರಂಭಿಸಿ ನಡುವೆಯೇ ಕೈಬಿಟ್ಟದ್ದನ್ನು ಕಂಡಿರುವ ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಪ್ಲೇಸ್‌ಮೆಂಟಿನ, ಅಂದರೆ ಓದಿನ ಭಾಗವಾಗಿ ಸೆಂಟರಿನಲ್ಲಿ ಮಾಡುವ ಕೆಲಸದ ತರಬೇತಿಯ, ಪ್ರಶ್ನೆ. ಸಂಬಳವಿಲ್ಲದ ಆ ವಾರಗಳಲ್ಲಿ ಮನೆಯ ಖರ್ಚು ಹೇಗೆ ತೂಗುತ್ತದೆ, ನಿಮ್ಮ ಮಗು ಯಾರ ಬಳಿ ಇರುತ್ತದೆ ಎಂಬುದು ಗಟ್ಟಿಯಾದ ಮೇಲೆ ಕಾಲೇಜನ್ನು ಹುಡುಕಿದರೆ ಸಾಕು.

ಈ ವೃತ್ತಿಯ ಪ್ರವೇಶಕ್ಕೆ ಬೇಕಾದ ಅರ್ಹತೆಯೆಂದರೆ ಸರ್ಟಿಫಿಕೇಟ್ 3 ಎಂಬ ಶಿಶುಪಾಲನಾ ಕೋರ್ಸ್. ಈಗಿನ ಪಠ್ಯಕ್ರಮದಲ್ಲಿ 17 ಘಟಕಗಳಿವೆ, ಅದರೊಂದಿಗೆ ನಿಜವಾದ ಸೆಂಟರಿನಲ್ಲಿ ಕನಿಷ್ಠ 160 ಗಂಟೆಗಳ ಪ್ಲೇಸ್‌ಮೆಂಟ್ ಕಡ್ಡಾಯ. ಅದರ ಮೇಲಿನ ಡಿಪ್ಲೊಮಾಕ್ಕೆ 280 ಗಂಟೆಗಳು ಬೇಕು. ಸರ್ಟಿಫಿಕೇಟ್ 3 ಇಲ್ಲದವರನ್ನು ಡಿಪ್ಲೊಮಾಕ್ಕೆ ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ನೇರವಾಗಿ ಎರಡನೆಯ ಮೆಟ್ಟಿಲಿಗೆ ಹಾರುವ ಯೋಚನೆಯನ್ನು ಬಿಡುವುದು ಒಳ್ಳೆಯದು. ಭಾರತದಲ್ಲಿ ಬಿ.ಎಡ್. ಅಥವಾ ಡಿ.ಎಡ್. ಮಾಡಿದವರು ಮಾತ್ರ ಹಣ ಕಟ್ಟುವ ಮೊದಲು, ಈ ಕ್ಷೇತ್ರದ ರಾಷ್ಟ್ರೀಯ ಪ್ರಾಧಿಕಾರವಾದ ಅಸೆಕ್ವಾದಲ್ಲಿ ತಮ್ಮ ಅರ್ಹತೆಗೆ ಇಲ್ಲಿ ಯಾವ ಮಟ್ಟದ ಮಾನ್ಯತೆ ಸಿಗುತ್ತದೆಂದು ಅರ್ಜಿ ಹಾಕಿ ತಿಳಿದುಕೊಳ್ಳಬೇಕು.

160 ಗಂಟೆಗಳೆಂದರೆ ದಿನಕ್ಕೆ 8 ಗಂಟೆಯಂತೆ 20 ದಿನ. ಕಾಗದದ ಮೇಲೆ ಇದು ಸಣ್ಣ ಸಂಖ್ಯೆ. ಬಾಡಿಗೆ ಕಟ್ಟುವ, ಈಗಾಗಲೇ ಒಂದು ಕೆಲಸದಲ್ಲಿರುವ, ಮಗುವನ್ನು ಬಿಟ್ಟು ಕರೆತರಬೇಕಾದ ತಾಯಿಗೋ ತಂದೆಗೋ ಇದು ಸಣ್ಣದಲ್ಲ. 2025ರ ಜುಲೈ 1ರಿಂದ ಸರ್ಕಾರ ಕೊಡತೊಡಗಿರುವ ಪ್ಲೇಸ್‌ಮೆಂಟ್ ಭತ್ಯೆಯು ಶಿಕ್ಷಕ, ನರ್ಸಿಂಗ್, ಪ್ರಸೂತಿ ಆರೈಕೆ ಮತ್ತು ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಮೀಸಲು. ಸರ್ಟಿಫಿಕೇಟ್ 3 ಓದುವವರಿಗೆ ಅದು ಸಿಗುವುದಿಲ್ಲ. ಆದ್ದರಿಂದ ಕಾಲೇಜಿನವರನ್ನು ನೇರವಾಗಿ ಕೇಳಿ: ಗಂಟೆಗಳನ್ನು ಒಂದೇ ಸಮನೆ ಮುಗಿಸಬೇಕೋ, ವಾರಕ್ಕೆ ಎರಡು ದಿನದಂತೆ ಹರಡಬಹುದೋ, ಸೆಂಟರನ್ನು ಹುಡುಕಿಕೊಡುವ ಹೊಣೆ ಅವರದೋ ನಿಮ್ಮದೋ. ಊರಿನಿಂದ ಅಜ್ಜಿ ತಾತ ಬರುವ ತಿಂಗಳುಗಳಿಗೆ ಪ್ಲೇಸ್‌ಮೆಂಟನ್ನು ಹೊಂದಿಸುವುದು ನಮ್ಮವರ ರೂಢಿ, ಅದು ಜಾಣತನವೂ ಹೌದು. ಆದರೆ ಅವರ ವೀಸಾ ಕೈಗೆ ಬರುವ ಮೊದಲೇ ಸೆಂಟರಿಗೆ ದಿನಾಂಕ ಕೊಟ್ಟುಬಿಡಬೇಡಿ.

ಇನ್ನೊಂದು ದಾರಿಯಿದೆ, ಹೊಸಬರಿಗೆ ಅದರ ವಿಷಯ ತಿಳಿದಿರುವುದು ಕಡಿಮೆ. ಕೋರ್ಸಿಗೆ ಸೇರಿ, ಓದನ್ನು ಆರಂಭಿಸಿ, ತೃಪ್ತಿಕರವಾಗಿ ಮುಂದುವರಿಯುತ್ತಿರುವವರನ್ನು ನಿಯಮಗಳು ಅರ್ಹತೆಯತ್ತ ಸಾಗುತ್ತಿರುವವರೆಂದು ಪರಿಗಣಿಸುತ್ತವೆ. ಸೆಂಟರು ಅವರನ್ನು ಸಿಬ್ಬಂದಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಅಂದರೆ ಟ್ರೈನಿಯಾಗಿ ಸಂಬಳ ಪಡೆಯುತ್ತಲೇ ಓದಬಹುದು, ಕೆಲಸದ ಗಂಟೆಗಳನ್ನೇ ಪ್ಲೇಸ್‌ಮೆಂಟ್ ಆಗಿ ತೋರಿಸಲು ಬಹುತೇಕ ಕಾಲೇಜುಗಳು ಒಪ್ಪುತ್ತವೆ. ಎಳೆಯ ಮಕ್ಕಳಿರುವ ದುಡಿಯುವ ಪೋಷಕರಿಗೆ ಇದಕ್ಕಿಂತ ಉತ್ತಮ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಓದು ನಿಧಾನವಾಗುತ್ತದೆ, ರಾತ್ರಿ ಮಗು ಮಲಗಿದ ಮೇಲೆ ಅಸೈನ್‌ಮೆಂಟ್ ಬರೆಯಬೇಕಾಗುತ್ತದೆ. ಆದರೂ ತಿಂಗಳ ಆದಾಯ ನಿಲ್ಲುವುದಿಲ್ಲ.

ನಿಮ್ಮ ಸ್ವಂತ ಮಗುವಿನ ವಿಷಯದಲ್ಲಿ ಎಲ್ಲವೂ ವೀಸಾದ ಮೇಲೆ ನಿಂತಿದೆ. ಪಿಆರ್ (ಕಾಯಂ ವಾಸದ ಅನುಮತಿ) ಅಥವಾ ಪೌರತ್ವ ಇರುವವರಿಗೆ ಸರ್ಕಾರಿ ನೆರವಿನ ಸಂಸ್ಥೆಯಾದ ಸೆಂಟರ್‌ಲಿಂಕ್ ಮೂಲಕ ಚೈಲ್ಡ್ ಕೇರ್ ಸಬ್ಸಿಡಿ ಸಿಗುತ್ತದೆ. 2026ರ ಜನವರಿ 5ರಿಂದ, ಸಬ್ಸಿಡಿಗೆ ಅರ್ಹವಾದ ಪ್ರತಿ ಕುಟುಂಬಕ್ಕೂ ಎರಡು ವಾರಕ್ಕೆ ಕನಿಷ್ಠ 72 ಗಂಟೆಗಳು, ಅಂದರೆ ವಾರಕ್ಕೆ ಸುಮಾರು 3 ದಿನ, ಖಚಿತವಾಗಿವೆ. ಹೆಚ್ಚಿನ ಗಂಟೆಗಳಿಗೆ ಅರ್ಜಿ ಹಾಕುವಾಗ ಕೆಲಸದ ಜೊತೆಗೆ ಓದಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆಯಾದ್ದರಿಂದ ಅದನ್ನು ನಮೂದಿಸಲು ಮರೆಯಬೇಡಿ. ತಾತ್ಕಾಲಿಕ ವೀಸಾದ ಹೆಚ್ಚಿನ ಕುಟುಂಬಗಳಿಗೆ ಈ ಸಬ್ಸಿಡಿ ಇಲ್ಲ, ಮತ್ತು ಪೂರ್ಣ ಶುಲ್ಕ ದಿನಕ್ಕೆ 100 ಡಾಲರ್ ಮೀರುವುದು ಸಾಮಾನ್ಯ. ಅಂಥವರು ಟ್ರೈನಿಯ ಸಂಬಳವನ್ನೂ ಡೇಕೇರ್ ಶುಲ್ಕವನ್ನೂ ಅಕ್ಕಪಕ್ಕದಲ್ಲಿ ಬರೆದು ನೋಡಿದ ನಂತರವೇ ಮುಂದುವರಿಯಬೇಕು. ವಿಕ್ಟೋರಿಯಾದಲ್ಲಿ 3 ಮತ್ತು 4 ವರ್ಷದ ಮಕ್ಕಳಿಗೆ ಫ್ರೀ ಕಿಂಡರ್, ಅಂದರೆ ಉಚಿತ ಶಿಶುವಿಹಾರ, ಇದೆ, ಆದರೆ ಅದರ ಸಮಯ ನಿಮ್ಮ ಶಿಫ್ಟಿಗೆ ಹೊಂದುವುದು ಅಪರೂಪ. ಕೆಲಸ ಸಿಗುವ ಸೆಂಟರಿನಲ್ಲೇ ಮಗುವನ್ನು ಸೇರಿಸುವುದಾದರೆ ಸಿಬ್ಬಂದಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಲು 2023ರ ಜುಲೈಯಿಂದ ಅವಕಾಶವಿದೆ. ಸಂದರ್ಶನದಲ್ಲಿ ಇದನ್ನು ಕೇಳಲು ಸಂಕೋಚ ಬೇಡ.

ಕಾಲೇಜಿನ ಆಯ್ಕೆಯಲ್ಲಿ ನನ್ನ ಒಲವು ಸರ್ಕಾರಿ ವೃತ್ತಿ ತರಬೇತಿ ಕಾಲೇಜುಗಳಾದ ಟೇಫ್ ಕಡೆಗೆ. ರಾಷ್ಟ್ರಮಟ್ಟದಲ್ಲಿ 2023ರಲ್ಲಿ ಆರಂಭವಾದ ಶುಲ್ಕರಹಿತ ಟೇಫ್ ಯೋಜನೆಯಲ್ಲಿ ಪಿಆರ್ ಇರುವವರು ಈ ಕೋರ್ಸನ್ನು ಓದಬಹುದು. ಕಡಿಮೆ ವಾರಗಳಲ್ಲಿ, ಪ್ಲೇಸ್‌ಮೆಂಟನ್ನು ತಾವೇ ನೋಡಿಕೊಳ್ಳುತ್ತೇವೆಂದು ಹೇಳಿ ಸರ್ಟಿಫಿಕೇಟ್ ಮಾರುವವರಿಂದ ದೂರವಿರಿ. 2024ರ ಕೊನೆಯಿಂದ ತರಬೇತಿ ನಿಯಂತ್ರಕ ಸಂಸ್ಥೆಯಾದ ಆಸ್ಕ್ವಾ ಹಲವು ಖಾಸಗಿ ಸಂಸ್ಥೆಗಳು ಕೊಟ್ಟಿದ್ದ ಸಾವಿರಾರು ಸರ್ಟಿಫಿಕೇಟುಗಳನ್ನು ರದ್ದುಪಡಿಸಿತು. ಅವುಗಳಲ್ಲಿ ಈ ಕ್ಷೇತ್ರದವೂ ಸೇರಿದ್ದವು. ಪಿಆರ್‌ಗಾಗಿಯೇ ಈ ಕೋರ್ಸ್ ಮಾಡಿ ಎಂದು ಯಾರಾದರೂ ಹೇಳಿದರೆ, ನೋಂದಾಯಿತ ಮೈಗ್ರೇಷನ್ ಏಜೆಂಟರನ್ನು ಕೇಳದೆ ನಂಬಬೇಡಿ.

ಕಾಗದಪತ್ರಗಳಲ್ಲಿ ಮುಖ್ಯವಾದದ್ದು ಮಕ್ಕಳೊಂದಿಗೆ ಕೆಲಸ ಮಾಡುವವರ ಪರಿಶೀಲನಾ ಕಾರ್ಡ್. ತಂದೆಯ ಹೆಸರಿನ ಇನಿಷಿಯಲ್, ಊರಿನ ಹೆಸರು, ಮದುವೆಯ ನಂತರದ ಹೆಸರು ಎಂದು ನಮ್ಮ ದಾಖಲೆಗಳಲ್ಲಿ ಹೆಸರು ಒಂದೊಂದು ಕಡೆ ಒಂದೊಂದು ಬಗೆಯಲ್ಲಿರುತ್ತದೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲೆಡೆ ಬರೆದರೆ ವಿಳಂಬ ತಪ್ಪುತ್ತದೆ.

ಇನ್ನು ಕೆಲಸದ ಸ್ವರೂಪ. ಮಕ್ಕಳೆಂದರೆ ಇಷ್ಟ ಎಂಬುದು ಬೇಕಾದ ಗುಣವೇ, ಆದರೆ ದಿನವೆಲ್ಲ ನೆಲದ ಮೇಲೆ ಕುಳಿತು ಏಳುವ ಮೊಣಕಾಲುಗಳೂ ಬೇಕು. ವಿಕ್ಟೋರಿಯಾದಲ್ಲಿ 3 ವರ್ಷದೊಳಗಿನ 4 ಮಕ್ಕಳಿಗೆ ಒಬ್ಬರು, ಅದಕ್ಕಿಂತ ದೊಡ್ಡವರಾದರೆ 11 ಮಕ್ಕಳಿಗೆ ಒಬ್ಬರು ಎಜುಕೇಟರ್ ಇರಬೇಕು. ನ್ಯಾಪಿ ಬದಲಿಸುವುದು, ಮಲಗಿದ ಮಕ್ಕಳನ್ನು ಪದೇ ಪದೇ ನೋಡುವುದು, ಊಟದ ನಂತರ ನೆಲ ಒರೆಸುವುದು ಎಲ್ಲವೂ ಈ ಕೆಲಸದ ಭಾಗವೇ, ಅದಕ್ಕೆ ಆಯಾ ಬೇರೆ ಇರುವುದಿಲ್ಲ. ಮೊದಲ ವರ್ಷ ಶೀತ ಜ್ವರಗಳು ಬಿಟ್ಟೂ ಬಿಡದೆ ಕಾಡುತ್ತವೆ, ಮನೆಯ ಮಗುವಿಗೂ ಅಂಟುತ್ತವೆ. ನಮ್ಮವರಿಗೆ ಕಷ್ಟವಾಗುವುದು ಇವೆಲ್ಲಕ್ಕಿಂತ ಸುಮ್ಮನಿರುವುದು. ಮಗು ತಟ್ಟೆಯಲ್ಲಿ ಅರ್ಧ ಬಿಟ್ಟರೆ ನಾವು ಇನ್ನೊಂದು ತುತ್ತು ಇಡಲು ಹೋಗುತ್ತೇವೆ. ಇಲ್ಲಿ ಎಷ್ಟು ತಿನ್ನಬೇಕೆಂಬುದನ್ನು ಮಗುವೇ ನಿರ್ಧರಿಸುತ್ತದೆ, ಒತ್ತಾಯಿಸುವಂತಿಲ್ಲ. ಮಗು ಕೆಸರಿನಲ್ಲಿ ಆಡಿದರೆ, ಮರದ ದಿಮ್ಮಿಯ ಮೇಲೆ ನಡೆದರೆ ತಡೆಯದೆ ಹತ್ತಿರ ನಿಂತು ನೋಡಿಕೊಳ್ಳಬೇಕು. ಎರಡು ವರ್ಷದ ಮಗುವೂ ನಿಮ್ಮನ್ನು ಹೆಸರು ಹಿಡಿದೇ ಕರೆಯುತ್ತದೆ.

ಬರವಣಿಗೆಯೂ ಇದೆ. 2022ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಲಿಕಾ ಚೌಕಟ್ಟಿನ 5 ಫಲಿತಗಳಿಗೆ ಜೋಡಿಸಿ, ಮಗು ಏನು ಮಾಡಿತು, ಅದರಿಂದ ಏನು ತಿಳಿಯಿತು, ಮುಂದೇನು ಮಾಡಿಸಬಹುದು ಎಂಬುದನ್ನು ಸರಳ ಇಂಗ್ಲಿಷಿನಲ್ಲಿ ಬರೆಯಬೇಕು. ದೊಡ್ಡ ಪದಗಳ ಅಗತ್ಯವಿಲ್ಲ, ಕಂಡದ್ದನ್ನು ಕಂಡಂತೆ ಬರೆಯುವುದು ಅಗತ್ಯ. ಮಕ್ಕಳೊಂದಿಗಿರುವಾಗ ಸ್ವಂತ ಫೋನ್ ಇಟ್ಟುಕೊಳ್ಳುವುದನ್ನು ವಿಕ್ಟೋರಿಯಾ 2025ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಆದ್ದರಿಂದ ನಿಮ್ಮ ಮಗುವಿನ ಶಾಲೆಗೆ ಸೆಂಟರಿನ ಕಚೇರಿ ಸಂಖ್ಯೆಯನ್ನು ಕೊಟ್ಟಿರಿ.

ಸಂಬಳ ಹೆಚ್ಚೆಂದು ಯಾರೂ ಹೇಳುವುದಿಲ್ಲ. ಸರ್ಕಾರದ ಅನುದಾನ ಪಡೆದ ಸೆಂಟರುಗಳಲ್ಲಿ 2024ರ ಡಿಸೆಂಬರ್‌ನಿಂದ ಶೇ 10, 2025ರ ಡಿಸೆಂಬರ್‌ನಿಂದ ಮತ್ತೆ ಶೇ 5 ಏರಿಕೆ ಸಿಕ್ಕಿದೆ. ಎಲ್ಲ ಸೆಂಟರುಗಳೂ ಅದನ್ನು ಪಡೆದಿಲ್ಲ, ಹಾಗಾಗಿ ಸೇರುವ ಮುನ್ನ ವಿಚಾರಿಸಿ. ಶಿಫ್ಟಿನ ವಿಷಯವನ್ನೂ ಅಂದೇ ಮಾತನಾಡಿಕೊಳ್ಳಿ: ಬೆಳಿಗ್ಗೆ ಬಾಗಿಲು ತೆರೆಯುವ ಮತ್ತು ಸಂಜೆ ಮುಚ್ಚುವ ಶಿಫ್ಟುಗಳು ಮಗುವನ್ನು ಶಾಲೆಗೆ ಬಿಡುವ, ಕರೆತರುವ ಹೊತ್ತಿಗೆ ಅಡ್ಡ ಬರುತ್ತವೆ, ನಡುವಿನ ಶಿಫ್ಟಿಗೆ ಎಲ್ಲರೂ ಕಾಯುತ್ತಿರುತ್ತಾರೆ. ಪ್ರತಿ ಸೆಂಟರಿನಲ್ಲೂ ಎಜುಕೇಟರುಗಳಲ್ಲಿ ಕನಿಷ್ಠ ಅರ್ಧದಷ್ಟು ಜನ ಡಿಪ್ಲೊಮಾ ಪಡೆದವರೋ ಓದುತ್ತಿರುವವರೋ ಆಗಿರಬೇಕೆಂಬ ನಿಯಮವಿರುವುದರಿಂದ, ಒಂದು ವರ್ಷ ಚೆನ್ನಾಗಿ ಕೆಲಸ ಮಾಡಿದವರಿಗೆ ಡಿಪ್ಲೊಮಾ ಓದಲು ಸೆಂಟರಿನವರೇ ಹೇಳುವುದುಂಟು. ಆಗ ಆ 280 ಗಂಟೆಗಳನ್ನು ಸಂಬಳ ಬರುವ ಜಾಗದಲ್ಲೇ ಮುಗಿಸಲು ಒಪ್ಪಂದ ಮಾಡಿಕೊಳ್ಳಿ.