ಮೃತ್ಯುಪತ್ರವಿಲ್ಲದ ಆಸ್ತಿ: ಆಡಳಿತ ಪತ್ರ ಪಡೆಯುವುದು, ಲೆಕ್ಕ ಒಪ್ಪಿಸುವುದು

ಮನೆಯ ಹಿರಿಯರು ಮೃತ್ಯುಪತ್ರ ಬರೆದಿಡದೆ ತೀರಿಕೊಂಡರೆ ವಿಜಯಪುರ ಭಾಗದಲ್ಲಿ ಮೊದಲು ಆಗುವ ಕೆಲಸ ವಂಶಾವಳಿ ತೆಗೆಸಿ, ಹೊಲದ ಉತಾರದಲ್ಲಿ (ಪಹಣಿಯಲ್ಲಿ) ವಾರಸಾ ಹಚ್ಚಿಸುವುದು, ಅಂದರೆ ವಾರಸುದಾರರ ಹೆಸರು ಸೇರಿಸುವುದು. ಹೊಲವಷ್ಟೇ ಇದ್ದು, ಮನೆಯವರೆಲ್ಲ ಒಮ್ಮತದಲ್ಲಿದ್ದರೆ ಅಷ್ಟಕ್ಕೇ ಸಾಕಾಗಬಹುದು. ಆದರೆ ಉತಾರದ ನೋಂದಣಿ ಕಂದಾಯದ ವ್ಯವಹಾರಕ್ಕೆ ಸೇರಿದ್ದೇ ಹೊರತು ಅದರಿಂದ ಯಾರಿಗೂ ಹೊಸದಾಗಿ ಮಾಲೀಕತ್ವ ಹುಟ್ಟುವುದಿಲ್ಲ. ಬ್ಯಾಂಕಿನ ಠೇವಣಿ, ಷೇರು, ಮೃತರಿಗೆ ಬರಬೇಕಾದ ಸಾಲ ಇವುಗಳಿಗೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವಿದೆ. ಅದು ಜಮೀನಿಗಾಗಲಿ ಗೋದಾಮಿನ ಮಾಲಿಗಾಗಲಿ ಅನ್ವಯಿಸದು. ಆಸ್ತಿ ನಾಲ್ಕು ಕಡೆ ಹರಡಿದ್ದು, ವಸೂಲಿಯೂ ಸಾಲ ತೀರಿಸುವುದೂ ಒಬ್ಬರ ಕೈಯಲ್ಲೇ ನಡೆಯಬೇಕಾದಾಗ ಕೇಳಬೇಕಾದದ್ದು ಆಡಳಿತ ಪತ್ರ. ವಕೀಲರು ಇದನ್ನು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಎನ್ನುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಇದನ್ನು ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಮತ್ತು ಭಾರತೀಯ ಕ್ರೈಸ್ತ ಕುಟುಂಬಗಳಿಗೆ ಕಡ್ಡಾಯ ಮಾಡಿಲ್ಲ, ಬೇಕೆನಿಸಿದವರು ಪಡೆಯಬಹುದು.

ತಿಕೋಟಾ ಕಡೆಯ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಮನೆಯನ್ನು ಕಲ್ಪಿಸಿಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಲ್ಲಾಪುರಕ್ಕೆ ಕೊಟ್ಟ ಮಗಳು, ವಯಸ್ಸಾದ ತಾಯಿ ಇದ್ದಾರೆ. ಶೀತಲಗೃಹದಲ್ಲಿ ಮಾಲಿದೆ, ಉದ್ರಿ ಪುಸ್ತಕದಲ್ಲಿ ಬಾಕಿಯಿದೆ, ಬ್ಯಾಂಕಿನಲ್ಲಿ ಸಾಲವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಈ ಐವರಿಗೂ ಸಮಪಾಲು. ಕೊಟ್ಟ ಮನೆ ಸೇರಿದಳೆಂದು ಮಗಳನ್ನೂ, ವಯಸ್ಸಾಯಿತೆಂದು ತಾಯಿಯನ್ನೂ ವಂಶಾವಳಿಯಿಂದ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇಂಥ ಪ್ರಕರಣಗಳು ವರ್ಷಗಟ್ಟಲೆ ಎಳೆಯುವುದಕ್ಕೆ ಮುಖ್ಯ ಕಾರಣ ಕಾನೂನಿನ ತೊಡಕಲ್ಲ, ಈ ಬಿಟ್ಟ ಹೆಸರುಗಳು ಎಂಬುದು ನನ್ನ ಅಭಿಪ್ರಾಯ.

ಅರ್ಜಿ ಸಲ್ಲಿಸುವುದು

ಮೃತರು ವಾಸವಿದ್ದ ಅಥವಾ ಅವರ ಆಸ್ತಿಯಿರುವ ಜಿಲ್ಲೆಯ ನ್ಯಾಯಾಲಯದಲ್ಲಿ, ಪಾಲಿಗೆ ಅರ್ಹರಾದ ವಾರಸುದಾರರಲ್ಲಿ ಒಬ್ಬರು ಅರ್ಜಿ ಹಾಕಬೇಕು. ಮರಣ ಸಂಭವಿಸಿದ ಸಮಯ ಮತ್ತು ಸ್ಥಳ, ಕುಟುಂಬದವರ ಹಾಗೂ ಇತರ ಸಂಬಂಧಿಕರ ಹೆಸರು ಮತ್ತು ವಿಳಾಸ, ಅರ್ಜಿದಾರರು ಯಾವ ಹಕ್ಕಿನಿಂದ ಕೇಳುತ್ತಿದ್ದಾರೆಂಬುದು, ಅವರ ಕೈಗೆ ಬರಬಹುದಾದ ಆಸ್ತಿಯ ಮೊತ್ತ ಇವೆಲ್ಲ ಅದರಲ್ಲಿರಬೇಕು. ಮರಣ ಪ್ರಮಾಣಪತ್ರ, ವಂಶಾವಳಿ, ಆಸ್ತಿಯ ಮೌಲ್ಯದ ಪಟ್ಟಿಗಳನ್ನು ಲಗತ್ತಿಸಬೇಕು. ಅರ್ಜಿಯ ಕೊನೆಯಲ್ಲಿ ಮಾಡುವ ದೃಢೀಕರಣವನ್ನು ಹಗುರವಾಗಿ ಎಣಿಸಬೇಡಿ, ತಿಳಿದೂ ಸುಳ್ಳು ಬರೆದರೆ ಅದು ಶಿಕ್ಷಾರ್ಹ ಅಪರಾಧ. ಮರಣದ ದಿನದಿಂದ ಪೂರ್ತಿ 14 ದಿನ ಕಳೆಯುವವರೆಗೆ ನ್ಯಾಯಾಲಯ ಪತ್ರ ನೀಡುವಂತಿಲ್ಲ.

ಉಳಿದ ವಾರಸುದಾರರಿಗೆ ನೋಟಿಸು ಹೋಗುತ್ತದೆ. ಸಾಮಾನ್ಯವಾಗಿ ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಹಾಕಿಸುತ್ತಾರೆ. ಯಾರೂ ತಕರಾರು ತೆಗೆಯದಿದ್ದರೆ ವಿಚಾರಣೆ ಸರಳ. ತಕರಾರು ಬಂದರೆ ಅರ್ಜಿ ದಾವೆಯ ರೂಪ ಪಡೆಯುತ್ತದೆ. ಹೀಗೆ ದಾವೆ ನಡೆಯುತ್ತಿರುವಾಗ ಮಾಲು ಹಾಳಾಗುತ್ತದೆ, ಬಾಕಿ ಮುಳುಗುತ್ತದೆ ಎಂಬ ಭಯವಿದ್ದರೆ ತಾತ್ಕಾಲಿಕ ಆಡಳಿತಗಾರರನ್ನು ನೇಮಿಸುವಂತೆ ಕೋರಬಹುದು. ಅವರು ನೇರವಾಗಿ ನ್ಯಾಯಾಲಯದ ಹತೋಟಿಯಲ್ಲಿರುತ್ತಾರೆ. ಆಸ್ತಿ ಕಾಯಬಹುದು, ಹಂಚುವಂತಿಲ್ಲ. ಇನ್ನು ಅರ್ಜಿಗೂ ಮೊದಲೇ ಯಾರಾದರೂ ಹಕ್ಕಿಲ್ಲದೆ ಆಸ್ತಿಗೆ ಕೈಹಾಕಿದ್ದರೆ, ಮರಣದಿಂದ 6 ತಿಂಗಳೊಳಗೆ ಜಿಲ್ಲಾ ನ್ಯಾಯಾಧೀಶರ ರಕ್ಷಣೆ ಕೇಳುವ ದಾರಿಯೂ ಅದೇ ಅಧಿನಿಯಮದಲ್ಲಿದೆ. ಇದನ್ನು ಬಳಸಿಕೊಳ್ಳುವವರು ಕಡಿಮೆ.

ಪತ್ರ ಕೈಗೆ ಬಂದ ಮೇಲೆ

ಆಡಳಿತ ಪತ್ರ ಸಿಕ್ಕಿತೆಂದರೆ ಆಸ್ತಿ ತನ್ನದಾಯಿತು ಎಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ನ್ಯಾಯಾಲಯದ ಕಣ್ಣು ಬೀಳುವುದೇ ಆಗಿನಿಂದ. ಪತ್ರ ಪಡೆಯುವವರು ಜಾಮೀನುದಾರರೊಂದಿಗೆ ಬಾಂಡ್ ಬರೆದುಕೊಡಬೇಕು. ಆಸ್ತಿಯನ್ನು ಸರಿಯಾಗಿ ಒಟ್ಟುಗೂಡಿಸಿ ನಿರ್ವಹಿಸುವ ಆ ಷರತ್ತು ಮುರಿದರೆ, ನ್ಯಾಯಾಲಯ ಬಾಂಡನ್ನು ಇನ್ನೊಬ್ಬರಿಗೆ ವರ್ಗಾಯಿಸಿ ಅವರ ಮೂಲಕ ವಸೂಲಿಗೆ ದಾವೆ ಹೂಡಿಸಬಲ್ಲದು. ನೆಂಟರ ಮುಲಾಜಿಗೆ ಜಾಮೀನು ನಿಲ್ಲುವವರು ಇದನ್ನು ಓದಿಕೊಂಡೇ ಸಹಿ ಹಾಕುವುದು ಲೇಸು.

ಆರು ತಿಂಗಳೊಳಗೆ ಆಸ್ತಿಯ ಪೂರ್ಣ ಮತ್ತು ಸತ್ಯವಾದ ಪಟ್ಟಿ, ಒಂದು ವರ್ಷದೊಳಗೆ ಜಮಾ-ಖರ್ಚಿನ ಲೆಕ್ಕ ಸಲ್ಲಿಸಬೇಕು. ಅವಧಿ ಸಾಲದಿದ್ದರೆ ನ್ಯಾಯಾಲಯ ವಿಸ್ತರಿಸಬಹುದು. ನಮ್ಮ ವ್ಯಾಪಾರಿಯ ಪಟ್ಟಿಯಲ್ಲಿ ‘ಒಣದ್ರಾಕ್ಷಿ ದಾಸ್ತಾನು’ ಎಂದು ಒಂದೇ ಸಾಲು ಬರೆದರೆ ನಡೆಯದು. ಯಾವ ಶೀತಲಗೃಹ, ರಸೀದಿಯ ಸಂಖ್ಯೆ ಯಾವುದು, ಬಾಕ್ಸುಗಳೆಷ್ಟು, ತೂಕವೆಷ್ಟು, ಯಾರ ಹೆಸರಿನಲ್ಲಿದೆ, ಬಾಡಿಗೆ ಎಲ್ಲಿಯವರೆಗೆ ಸಂದಿದೆ ಎಂದು ಬಿಡಿಬಿಡಿಯಾಗಿ ಕಾಣಿಸಬೇಕು. ಉದ್ರಿ ಪುಸ್ತಕದ ಪ್ರತಿ ಬಾಕಿದಾರರ ಹೆಸರಿನ ಮುಂದೆ ಮೊತ್ತ ಮತ್ತು ಕೊನೆಯ ವ್ಯವಹಾರದ ತಾರೀಖು ಇರಲಿ. ವಸೂಲಿ ಮಾಡಬಹುದಾಗಿದ್ದ ಬಾಕಿಯನ್ನು ಅಲಕ್ಷ್ಯದಿಂದ ಮುಳುಗಿಸಿದರೆ ಆ ನಷ್ಟವನ್ನು ಆಡಳಿತಗಾರರೇ ತುಂಬಿಕೊಡಬೇಕು. ಸಕಾರಣವಿಲ್ಲದೆ ಬೇಕೆಂದೇ ಪಟ್ಟಿ ಅಥವಾ ಲೆಕ್ಕ ಒಪ್ಪಿಸದಿದ್ದರೆ ಪತ್ರವನ್ನೇ ರದ್ದುಗೊಳಿಸಬಹುದು.

ಹಣ ಕೊಡುವುದಕ್ಕೂ ಕ್ರಮವಿದೆ. ಅಂತ್ಯಕ್ರಿಯೆಯ ಹಾಗೂ ಮರಣಕ್ಕೆ ಮುಂಚಿನ ಒಂದು ತಿಂಗಳ ವೈದ್ಯಕೀಯ ವೆಚ್ಚ ಮೊದಲು, ಆಡಳಿತ ಪತ್ರ ಪಡೆದ ಖರ್ಚು ಆಮೇಲೆ, ಮರಣದ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವರ ಮತ್ತು ಮನೆಗೆಲಸದವರ ಸಂಬಳ ಅದರ ನಂತರ. ಸಾಲ ಕೊಟ್ಟ ಉಳಿದವರ ಸರದಿ ಆಮೇಲೆಯೇ. ಘಟಕದಲ್ಲಿ ದ್ರಾಕ್ಷಿ ಆರಿಸಿದ ಹೆಣ್ಣಾಳುಗಳ ಪಗಾರನ್ನು ಕೈಸಾಲ ಕೊಟ್ಟವರ ಬಾಕಿಗಿಂತ ಮುಂದೆ ಇಟ್ಟದ್ದು ಈ ಕಾನೂನಿನ ಒಳ್ಳೆಯ ಗುಣಗಳಲ್ಲೊಂದು.

ಜಮೀನು ಅಥವಾ ಮನೆಯನ್ನು ಮಾರುವುದಕ್ಕೆ, ಅಡವಿಡುವುದಕ್ಕೆ, ದಾನ ಕೊಡುವುದಕ್ಕೆ, ಐದು ವರ್ಷಕ್ಕೆ ಮೀರಿ ಗುತ್ತಿಗೆಗೆ ಕೊಡುವುದಕ್ಕೆ ಪತ್ರ ನೀಡಿದ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದ ವ್ಯವಹಾರವನ್ನು ಹಿತಾಸಕ್ತಿಯುಳ್ಳ ಬೇರೆ ಯಾರಾದರೂ ರದ್ದುಪಡಿಸಿಕೊಳ್ಳಬಹುದು. ಆಡಳಿತಗಾರರು ತಾವೇ, ಇಲ್ಲವೇ ಇನ್ನೊಬ್ಬರನ್ನು ಮುಂದಿಟ್ಟು ಆ ಆಸ್ತಿಯನ್ನು ಕೊಂಡರೂ ಅದೇ ಗತಿ.

ಸಾಲ ತೀರಿಸಿ ಉಳಿದದ್ದನ್ನು ಐವರಿಗೂ ಅವರವರ ಪಾಲಿನಂತೆ ಕೊಟ್ಟು, ಸಹಿ ಪಡೆದ ರಸೀದಿಗಳನ್ನು ಜೋಪಾನವಾಗಿಡಬೇಕು. ಹೊಲದ ಹಿಸ್ಸಾ ಕುರಿತು ಒಪ್ಪಂದವಾಗದಿದ್ದರೆ ಅದಕ್ಕೆ ಬೇರೆಯಾಗಿ ವಾಟ್ನಿ (ಪಾಲು ವಿಭಾಗದ) ದಾವೆಯನ್ನೇ ಹೂಡಬೇಕು. ಜಿಲ್ಲಾ ನ್ಯಾಯಾಧೀಶರ ಆದೇಶ ಒಪ್ಪಿಗೆಯಾಗದವರು ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ವಿಜಯಪುರ ಜಿಲ್ಲೆಯವರಿಗೆ ಅದು ಕಲಬುರಗಿ ಪೀಠ, ಬಾಗಲಕೋಟೆ ಮತ್ತು ಬೆಳಗಾವಿಯವರಿಗೆ ಧಾರವಾಡ ಪೀಠ.