ಕಾರ್ಖಾನೆ ಮಾಡದೇ ಬಿಟ್ಟ ಆಟಿಕೆ ಮನೆಗಳು: ಸಂಗ್ರಹಿಸುವುದು ಹೇಗೆ?

ಆಟಿಕೆ ರೈಲಿನ ಹಳಿ ಪಕ್ಕ ಜೋಡಿಸುವ ಮನೆಗಳೆಂದರೆ ಅಮೆರಿಕದ ಹವ್ಯಾಸಿಗಳಿಗೆ ಥಟ್ಟನೆ ನೆನಪಾಗುವುದು ಪ್ಲಾಸ್ಟಿಕ್‌ವಿಲ್. ಫಿಲಡೆಲ್ಫಿಯಾದ ಬ್ಯಾಕ್‌ಮನ್ ಕಂಪನಿ 1947ರಲ್ಲಿ ಶುರುಮಾಡಿದ್ದು. ಚರ್ಚು, ಶಾಲೆ, ಆಸ್ಪತ್ರೆ, ಪೆಟ್ರೋಲ್ ಬಂಕ್ ಎಲ್ಲವೂ ಇವೆ. ಅಂಟು ಬೇಡ, ಗೋಡೆಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಕಟ್ಟಡ ನಿಲ್ಲುತ್ತದೆ. ಇವು ಇಂದಿಗೂ ಹೇರಳವಾಗಿ ಸಿಗುತ್ತವೆ. ಹಾಗಾಗಿಯೇ ಕೆಲವರ ಕಣ್ಣು ಹುಟ್ಟದೇ ಹೋದ ಮನೆಗಳ ಮೇಲೆ.

ಪ್ಲಾಸ್ಟಿಕ್ ಎರಕಕ್ಕೆ ಬೇಕಾದ ಉಕ್ಕಿನ ಅಚ್ಚು ಬಲು ದುಬಾರಿ. ಆದ್ದರಿಂದ ಆಟಿಕೆ ಕಂಪನಿಗಳು ಮೊದಲು ಕೈಯಿಂದ ಒಂದು ಮಾದರಿ ಮಾಡಿಸಿ ವ್ಯಾಪಾರಿಗಳಿಗೆ ತೋರಿಸುತ್ತಿದ್ದವು. ಆರ್ಡರ್ ಬರದಿದ್ದರೆ ಅಚ್ಚಿನ ಮಾತೇ ಇಲ್ಲ. ಕೆಲವು ಕ್ಯಾಟಲಾಗಿನ ಚಿತ್ರವಾಗಿಯೇ ಉಳಿದವು. ಅಂಥವನ್ನು ಈಗ ಹವ್ಯಾಸಿಗಳು ಮನೆಯಲ್ಲಿ ಕೈಯಾರೆ ಮಾಡಿ ಮಾರುತ್ತಾರೆ.

ಮೊದಲ ಕೆಲಸ, ಕೊಳ್ಳುವ ಮುಂಚೆ ಕಾಗದ ನೋಡುವುದು. ಕ್ಯಾಟಲಾಗಿನ ಪುಟವೋ, ಬೆಲೆಪಟ್ಟಿಯೋ, ಮಾದರಿಯ ಫೋಟೋವೋ ಇರಲೇಬೇಕು. ಏನೂ ಇಲ್ಲದಿದ್ದರೆ ಅದು ಮಾಡಿದವರ ಸ್ವಂತ ಕಲ್ಪನೆ. ಚೆಂದವಿರಬಹುದು, ಈ ಸಂಗ್ರಹಕ್ಕೆ ಸೇರುವುದಿಲ್ಲ. ಒಂದೇ ಚಿತ್ರ ಇದ್ದಲ್ಲಿ ಮನೆಯ ಹಿಂಗೋಡೆ ಹೇಗಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಯಾವ ಆಧಾರದ ಮೇಲೆ ಮಾಡಿದಿರಿ ಎಂದು ಕೇಳಿ. ಊಹಿಸಿ ಮಾಡಿದೆ ಎಂದು ನೇರವಾಗಿ ಹೇಳುವವರ ಬಳಿ ನಾನಂತೂ ಧೈರ್ಯವಾಗಿ ಕೊಳ್ಳುತ್ತೇನೆ.

ಮುಂದಿನದು ಅಳತೆ. ಆಟಿಕೆ ರೈಲಿನ ಲೋಕದಲ್ಲಿ ಓ ಅಳತೆಯೆಂದರೆ 1:48, ಅಂದರೆ ನಿಜವಾದದ್ದರ 48ರಲ್ಲೊಂದು ಪಾಲು; ಎಸ್ ಎಂದರೆ 1:64, ಎಚ್‌ಓ ಎಂದರೆ 1:87. ನಿಮ್ಮಲ್ಲಿರುವ ಮನೆಗಳ ಪಕ್ಕ ಇಟ್ಟಾಗ ಬಾಗಿಲಿನ ಎತ್ತರ ಹೊಂದುತ್ತದೆಯೇ ಅಂತ ನೋಡಿದರೆ ಸಾಕು.

ಆಮೇಲೆ ವಸ್ತುವನ್ನು ಕೈಗೆತ್ತಿಕೊಳ್ಳಿ. ಹೆಚ್ಚಿನವು ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಹೊಯ್ದ ರೆಸಿನ್, ಅಂದರೆ ದ್ರವವಾಗಿ ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್. ಗೋಡೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಕಿಟಕಿಯ ಮೂಲೆಗಳನ್ನು ನೋಡಿ: ಗಾಳಿ ಸಿಕ್ಕಿಕೊಂಡಿದ್ದರೆ ಸೂಜಿಮೊನೆಯಷ್ಟು ಗುಳ್ಳೆಗಳು ಅಲ್ಲೇ ಇರುತ್ತವೆ. ಇಟ್ಟಿಗೆಯ ಗೆರೆ ಮಸುಕಾಗಿದ್ದರೆ ಅಚ್ಚು ಸವೆದ ಮೇಲೆ ಹೊಯ್ದದ್ದು, ಬೆಲೆ ಇಳಿಸಲು ಕೇಳಿ. ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಎದ್ದಿದ್ದರೆ ಗಾಬರಿ ಬೇಡ, ಬಿಸಿನೀರಲ್ಲಿ ಅದ್ದಿ ಮೆತ್ತಗಾದಾಗ ಗಾಜಿನ ಮೇಲೆ ಒತ್ತಿಟ್ಟು ಆರಿಸಿದರೆ ನೆಟ್ಟಗಾಗುತ್ತದೆ. ತ್ರೀಡಿ ಪ್ರಿಂಟ್ ಆಗಿದ್ದರೆ ಇಳಿಜಾರು ಮಾಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಾಣುತ್ತದೆ. ಹಳೇ ಪ್ಲಾಸ್ಟಿಕ್‌ವಿಲ್ ಗೋಡೆಗಳನ್ನೇ ಕತ್ತರಿಸಿ ಕೂಡಿಸಿದ್ದೂ ಉಂಟು. ಬಣ್ಣದ ಅಡಿಯಲ್ಲಿ ಬೆಸುಗೆ ಹುಡುಕಿ.

ಇನ್ನು, ಗುರುತಿಲ್ಲದ ಪ್ರತಿಕೃತಿಯನ್ನು ಮನೆಗೆ ತರಲೇಬೇಡಿ. ಅಮೆರಿಕದಲ್ಲಿ 1973ರ ಹಾಬಿ ಪ್ರೊಟೆಕ್ಷನ್ ಆಕ್ಟ್ ನಾಣ್ಯಗಳ ನಕಲಿಗೂ ಚುನಾವಣಾ ಬಿಲ್ಲೆಗಳ ನಕಲಿಗೂ ಗುರುತು ಕಡ್ಡಾಯ ಮಾಡಿದೆ, ಆಟಿಕೆಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಇಂದಿನ ಪ್ರತಿಕೃತಿ ಎರಡು ಕೈ ದಾಟುವಷ್ಟರಲ್ಲಿ ‘ಕಂಪನಿಯ ಅಪರೂಪದ ಮೂಲ ಮಾದರಿ’ಯಾಗಿ ಹತ್ತು ಪಟ್ಟು ಬೆಲೆ ಕೇಳಿದರೆ ತಡೆಯುವವರಿಲ್ಲ. ಮಾಡಿದವರ ಹೆಸರು, ವರ್ಷ, ‘ಪ್ರತಿಕೃತಿ’ ಎಂಬ ಮಾತು ತಳದಲ್ಲಿ ಕೆತ್ತಿರಲಿ. ಚೀಟಿ ಅಂಟಿಸಿದ್ದು ಸಾಲದು, ಚೀಟಿ ಕಿತ್ತು ಬರುತ್ತದೆ.

ಹುಡುಕುವುದೆಲ್ಲಿ? ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್‌ನವರ ದೊಡ್ಡ ಮೇಳ ನಡೆಯುತ್ತದೆ. ಆ ಕಡೆ ಇರುವ ಕನ್ನಡಿಗರು ಒಮ್ಮೆ ಸುತ್ತಿ ಬರಬಹುದು.

ಬಣ್ಣ ಹಚ್ಚದ ತುಂಡು ಕೊಂಡಿದ್ದರೆ ಮೊದಲು ಸೋಪಿನ ನೀರಲ್ಲಿ ತೊಳೆಯಿರಿ. ಅಚ್ಚಿಗೆ ಸವರಿದ ಜಿಡ್ಡು ಹೋಗದೆ ಬಣ್ಣ ಕೂರುವುದಿಲ್ಲ. ಪ್ಲಾಸ್ಟಿಕ್ ಕಿಟ್‌ಗಳ ಸಿಮೆಂಟ್ ರೆಸಿನ್‌ಗೆ ಹಿಡಿಯದು, ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿ ಬಳಸಿ. ಕಪಾಟು ಬಿಸಿಲು ಬೀಳದ ಗೋಡೆಗಿರಲಿ, ಬಣ್ಣವಿಲ್ಲದ ರೆಸಿನ್ ಬಿಸಿಲಿಗೆ ಹಳದಿಯಾಗುತ್ತದೆ. ಕ್ಯಾಟಲಾಗ್ ಪುಟದ ಪ್ರತಿಯನ್ನೂ ಮಾರಿದವರ ರಸೀದಿಯನ್ನೂ ಆ ಆಟಿಕೆ ಮನೆಯ ಡಬ್ಬಿಯೊಳಗೇ ಹಾಕಿಡಿ.